ಈ ತಲೆಯನ್ನು ಯಾರ ಕೈಗೆ ಕೊಡಲಿ

ಬಲಗೈ ಮೇಲೇಳುವುದು ನಿಂತ ಮೇಲೆಯೇ ಈ ಊರಿನಲ್ಲಿ ನನ್ನ ತಲೆ ಬಾಚಿಕೊಡುವವರು ಯಾರೂ ಇಲ್ಲವೆಂಬುದು ನನಗೆ ಸರಿಯಾಗಿ ಗೊತ್ತಾದದ್ದು. ಅಲ್ಲಿಯವರೆಗೆ ಆ ಪ್ರಶ್ನೆಯೇ ಬಂದಿರಲಿಲ್ಲ. ನನ್ನ ತಲೆ, ನನ್ನ ಕೈ, ರಜೆಯ ದಿನದ ಒಂದು ಮಧ್ಯಾಹ್ನ, ಅಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು.

ಭುಜ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ನನಗೆ ನಗು ಬಂತು. ಈ ಕೆನಡಾದಲ್ಲಿ ಇಷ್ಟು ಚಳಿಗಾಲ ಕಳೆದ ಮೇಲೆ ಹೆಪ್ಪುಗಟ್ಟಲು ಅದೊಂದೇ ಬಾಕಿಯಿತ್ತು. ವುಡ್‌ಬ್ರಿಡ್ಜಿನ ವೃದ್ಧಾಶ್ರಮವೊಂದರಲ್ಲಿ ನನ್ನ ಕೆಲಸ. ಮುದುಕರನ್ನು ಹಾಸಿಗೆಯಿಂದ ಎಬ್ಬಿಸುವುದು, ಮಗ್ಗುಲು ಹೊರಳಿಸುವುದು, ಸ್ನಾನ ಮಾಡಿಸುವುದು. ವರ್ಷಗಟ್ಟಲೆ ಬೇರೆಯವರ ಭಾರ ಹೊತ್ತ ಭುಜ ಒಂದು ಬೆಳಿಗ್ಗೆ ಇನ್ನು ನನ್ನ ಕೈಲಾಗದು ಎಂದು ಕೂತುಬಿಟ್ಟಿತು. ಸರಿಹೋಗುತ್ತದೆ, ಆದರೆ ವರ್ಷದ ಮೇಲೆ ಹಿಡಿಯಬಹುದು ಎಂದರು. ಅನ್ನ ಕಲಸಬಹುದು, ಬೀಗ ತೆಗೆಯಬಹುದು, ಪೆನ್ನು ಹಿಡಿಯಬಹುದು. ಕೈ ಬಾಯಿಯವರೆಗೆ ಬರುತ್ತದೆ, ಅಲ್ಲಿಂದ ಮೇಲಕ್ಕಿಲ್ಲ. ಆಶ್ರಮದಲ್ಲಿ ನನ್ನನ್ನು ಊಟ ಉಣ್ಣಿಸುವ ಹಗುರ ಕೆಲಸಕ್ಕೆ ಹಾಕಿದರು.

ಬೇರೆ ಹೆಂಗಸಾಗಿದ್ದರೆ ಎಡಗೈಯಲ್ಲೇ ಹೇಗೋ ಒಂದು ಗಂಟು ಹಾಕಿಕೊಂಡು ಹೊರಟುಬಿಡುತ್ತಿದ್ದಳು. ನನ್ನ ಕೂದಲು ಆ ಪೈಕಿಯದಲ್ಲ. ನಾನು ಹಳಿಯಾಳದ ಸಿದ್ದಿ. ನನ್ನ ಹಿಂದಿನವರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದರಂತೆ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದರಂತೆ. ಆ ಕಥೆಯಲ್ಲಿ ನನಗೆ ಅಂತೆಗಳನ್ನು ಬಿಟ್ಟು ಏನೂ ಗೊತ್ತಿಲ್ಲ. ಗೊತ್ತಿರುವುದು ಈ ಕೂದಲು ಮಾತ್ರ. ಒದ್ದೆಯಾದರೆ ಕುಗ್ಗಿ ನೆತ್ತಿಗೆ ಅಂಟುತ್ತದೆ, ಒಣಗಿದರೆ ಎದ್ದು ನಿಲ್ಲುತ್ತದೆ, ನಾಲ್ಕು ದಿನ ಕೇಳುವವರಿಲ್ಲದೆ ಬಿಟ್ಟರೆ ತನ್ನಷ್ಟಕ್ಕೆ ತಾನೇ ಹೆಣೆದುಕೊಂಡು ಗಂಟಾಗುತ್ತದೆ. ಎಳೆದರೆ ತುಂಡಾಗುತ್ತದೆ. ಅದನ್ನು ಪಾಲು ಪಾಲು ಮಾಡಿ, ಎಣ್ಣೆ ಮುಟ್ಟಿಸಿ, ಮೊದಲು ಬೆರಳಿನಿಂದ ಬಿಡಿಸಿ, ಆಮೇಲೆ ದೊಡ್ಡ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡಕ್ಕೆ ಬರಬೇಕು. ಅದಕ್ಕೆ ಎರಡು ಕೈ ಬೇಕು, ಅವೆರಡೂ ತಲೆಯ ಮೇಲಿರಬೇಕು.

ನನ್ನ ತಲೆಯ ಮೇಲಿದ್ದದ್ದು ಅಕ್ಕನ ಕೈ. ಅವ್ವನಿಗೆ ತಾಳ್ಮೆ ಕಡಿಮೆ, ಅಪ್ಪನಿಗೆ ಮರದ ಡಿಪೊದಲ್ಲಿ ಕೆಲಸ. ನನಗಿಂತ ತುಂಬಾ ದೊಡ್ಡವಳಾದ ಅಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತು, ನನ್ನನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡು, ಎರಡು ಮೊಣಕಾಲುಗಳ ನಡುವೆ ನನ್ನ ತಲೆ ಹಿಡಿದು ಬಾಚುತ್ತಿದ್ದಳು. ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯರು ನನ್ನ ಕೂದಲಿಗೆ ಸೀಸದಕಡ್ಡಿ ಸಿಕ್ಕಿಸಿ ಬೀಳುತ್ತದೋ ನಿಲ್ಲುತ್ತದೋ ಎಂದು ನೋಡುತ್ತಿದ್ದರು. ಒಂದು ದಿನ ಹಾಗೇ ಸಿಕ್ಕಿಸಿಕೊಂಡು ಮನೆಗೆ ಬಂದೆ, ನನಗೆ ಗೊತ್ತೇ ಇರಲಿಲ್ಲ. ಅಕ್ಕ ಅದನ್ನು ತೆಗೆದಳು. ಮರುದಿನದಿಂದ ಕಡ್ಡಿ ಹೋಗಲಿ, ಸೂಜಿಯೂ ನಿಲ್ಲದ ಹಾಗೆ ಬಿಗಿಯಾಗಿ ಹೆಣೆದು ಕಳಿಸತೊಡಗಿದಳು. ನಮ್ಮ ಮನೆಯಲ್ಲಿ ಒಳಗೆ ಕೊಂಕಣಿ, ಬಾಗಿಲು ದಾಟಿದರೆ ಕನ್ನಡ. ಅಕ್ಕ ಸಿಟ್ಟು ಬಂದಾಗ ಮಾತ್ರ ಒಳಗೂ ಕನ್ನಡ ಆಡುತ್ತಿದ್ದಳು. ಕಡ್ಡಿ ತೆಗೆದ ದಿನ ಕನ್ನಡದಲ್ಲೇ ಹೇಳಿದಳು: "ತಲಿ ಯಾರ ಕೈಯಾಗೂ ಕೊಡಬ್ಯಾಡ."

ನರ್ಸಿಂಗ್ ಓದಲು ಹುಬ್ಬಳ್ಳಿಗೆ ಹೋದಾಗ ಆ ಮಾತು ಜೊತೆಗೆ ಬಂತು. ಅಷ್ಟರಲ್ಲಿ ನನ್ನ ಕೈ ಪಳಗಿತ್ತು. ಅಲ್ಲಿ ಸಿಟಿ ಬಸ್ಸಿನ ಕಂಡಕ್ಟರು ನನ್ನನ್ನು ಕಂಡರೆ ಇಂಗ್ಲಿಷು ಜೋಡಿಸಿಕೊಳ್ಳುತ್ತಿದ್ದ, ಯಾವ ಕಂಟ್ರಿ ಎಂದು ಕೇಳುತ್ತಿದ್ದ. "ಹಳಿಯಾಳ. ಒಂದ್ ಟಿಕೆಟ್ ಕೊಡ್ರಿ," ಎಂದರೆ ಬಸ್ಸೆಲ್ಲ ತಿರುಗಿ ನೋಡುತ್ತಿತ್ತು. ಕೆನಡಾಕ್ಕೆ ಬಂದ ಮೇಲೆ ಇದು ತಿರುವುಮುರುವಾಯಿತು. ಇಲ್ಲಿ ಬಾಯಿ ಬಿಡುವವರೆಗೆ ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ. ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ಬೇಸ್‌ಮೆಂಟಿನಲ್ಲಿ ಮನೆ ಮಾಡಿದ ಮೊದಲ ತಿಂಗಳು, ತಲೆಯ ಮೇಲೆ ವಿಮಾನ ಇಳಿಯುವ ಸದ್ದಿಗೆ ಬೆಚ್ಚುತ್ತಲೇ, ಈ ಹೊಸ ಅನಾಮಿಕತನವನ್ನು ನಾನು ಹಬ್ಬದ ಹಾಗೆ ಅನುಭವಿಸಿದೆ. ಆಮೇಲೆ ಅದು ಹಳೆಯದಾಯಿತು.

ಮಾಲ್ಟನ್ನಿನಲ್ಲಿ ಹೆಜ್ಜೆಗೊಂದು ಪಾರ್ಲರು. ಎಲ್ಲ ನಮ್ಮ ಕಡೆಯವರದೇ. ದೇಸಿ ಅಂಗಡಿ, ದೇಸಿ ತಲೆ, ಇನ್ನೇನು ಎಂದುಕೊಂಡು ಒಂದು ಸಲ ತುದಿ ಕತ್ತರಿಸಿಕೊಳ್ಳಲು ಒಳಹೊಕ್ಕೆ. ಪಂಜಾಬಿ ಆಂಟಿ ಹುಬ್ಬು ತೀಡಿದಳು, ದಾರ ಹಿಡಿದ ಕೈ ಹೂವಿನ ಹಾಗೆ ಹಗುರ. ಟೊಪ್ಪಿಗೆ ತೆಗೆದೆ. ಅವಳು ನನ್ನ ಕೂದಲನ್ನು ನೋಡಿದಳು, ತನ್ನ ಕತ್ತರಿಯನ್ನು ನೋಡಿದಳು. "ಬೇಟಾ, ಯೇ ಬಾಲ್ ಹಮ್ಸೆ ನಹೀ ಹೋಗಾ," ಎಂದಳು. ಈ ಕೂದಲು ತನ್ನಿಂದಾಗದು ಎಂದು ಇಷ್ಟು ಮರ್ಯಾದೆಯಿಂದ ಹೇಳಿದವರು ಆಮೇಲೆ ನನಗೆ ಸಿಗಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಸಿಟ್ಟೇ ಬಂದಿತ್ತು.

ಆ ವಸಂತದಲ್ಲಿ ಮಿಸ್ಸಿಸಾಗಾದ ಶಾಲೆಯೊಂದರ ಹಾಲಿನಲ್ಲಿ ಕನ್ನಡದವರ ಯುಗಾದಿ ಇದೆ ಎಂದು ತಿಳಿಯಿತು. ಹೋದೆ. ಕನ್ನಡ ಕೇಳದೆ ಕಿವಿ ಒಣಗಿತ್ತು. ಕೂದಲನ್ನು ಚೆನ್ನಾಗಿ ತೊಳೆದು, ಬಿಡಿಸಿ, ಇದ್ದ ಹಾಗೆ ದುಂಡಗೆ ಬಿಟ್ಟುಕೊಂಡು, ಮೇಲೆ ಇಳಕಲ್ ಸೀರೆ ಉಟ್ಟಿದ್ದೆ. ಎರಡನೆಯ ಸಲ ಬಿಸಿಬೇಳೆಭಾತಿಗೆ ತಟ್ಟೆ ಹಿಡಿದಾಗ, ಬಡಿಸುತ್ತಿದ್ದ ನಿವೃತ್ತ ಡಾಕ್ಟರೊಬ್ಬರು ಒಂದೊಂದೇ ಇಂಗ್ಲಿಷ್ ಪದ ಬಿಡಿಸಿ, ಇದು ತುಂಬಾ ಖಾರ, ಜೋಪಾನ ಎಂದು ಎಚ್ಚರಿಸಿದರು.

"ಖಾರ ಏನಿಲ್ಲ ತಗೋರಿ, ಉಪ್ಪ ಸ್ವಲ್ಪ ಕಡಿಮಿ ಆಗೇತಿ," ಎಂದೆ.

ಸೌಟು ಅಲ್ಲೇ ನಿಂತಿತು. ಆಮೇಲೆ ಅವರ ಮುಖ ಎಷ್ಟು ಅರಳಿತೆಂದರೆ ನನಗೇ ಪಾಪ ಎನಿಸಿತು. ಹೆಂಡತಿಯನ್ನು ಕೂಗಿದರು. "ಬಾ ಇಲ್ಲಿ, ಇವರು ಎಷ್ಟ್ ಚೆನ್ನಾಗಿ ಕನ್ನಡ ಮಾತಾಡ್ತಾರೆ ಕೇಳು." ಆಕೆ ಬಂದರು, ಆಕೆಯ ಗೆಳತಿಯರು ಬಂದರು.

"ಎಷ್ಟು ವರ್ಷ ಆಯ್ತು ಕಲಿಯೋಕೆ ಸ್ಟಾರ್ಟ್ ಮಾಡಿ?"

"ಹುಟ್ಟಿದಾಗಿಂದ್ರಿ."

"ಹಸ್ಬೆಂಡು ಕನ್ನಡದವರಾ?"

"ಲಗ್ನ ಆಗಿಲ್ರಿ."

ನಾನು ಸಿದ್ದಿ ಎಂದೆ. ಕೆಲವರಿಗೆ ಗೊತ್ತಿತ್ತು, ಯಾವುದೋ ಪತ್ರಿಕೆಯಲ್ಲಿ ಓದಿದ್ದರು. ಡಾಕ್ಟರ ಹೆಂಡತಿ ಕೈ ಚಾಚಿ ನನ್ನ ಕೂದಲನ್ನು ಅದುಮಿ ನೋಡಿದರು. "ಒರಿಜಿನಲ್ಲಾ ಇದು? ಇಷ್ಟು ಸಾಫ್ಟಾಗಿದೆ, ನಾನು ಬ್ರಷ್ ಥರ ಇರುತ್ತೇನೋ ಅಂದ್ಕೊಂಡಿದ್ದೆ." ಕೆಟ್ಟವರಲ್ಲ. ಹೊರಡುವಾಗ ಡಬ್ಬಿ ತುಂಬ ಹೋಳಿಗೆ ಹಾಕಿ ಕೊಟ್ಟರು. ಮುಂದಿನ ಸಲ ಸ್ಟೇಜಿನ ಮೇಲೆ ನಿಮ್ಮ ಜನರ ಬಗ್ಗೆ ಮಾತಾಡಬೇಕು ಎಂದೂ ಹೇಳಿದರು. ಹಬ್ಬದೂಟಕ್ಕೆ ಹೋದವಳನ್ನು ಕಾರ್ಯಕ್ರಮ ಮಾಡಿ ಕಳಿಸಿದ್ದರು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಆ ಹಾಲಿಗೆ ಹೋಗುವ ಮೊದಲು ನಾನು ಇಷ್ಟು ಒಂಟಿಯಾಗಿರಲಿಲ್ಲ ಎನಿಸಿತು.

ಕೂದಲು ನೇರ ಮಾಡಿಸಿಕೊಂಡದ್ದು ಅದರ ಮರುವಾರ. ಯಾರೂ ಹೇಳಿರಲಿಲ್ಲ, ನನ್ನದೇ ಹಟ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಗಾಜಿನ ಬಾಗಿಲಿನ ಒಂದು ಸಲೂನಿತ್ತು, ಎಲ್ಲ ಬಗೆಯ ಕೂದಲಿಗೂ ಸ್ವಾಗತ ಎಂದು ಬರೆದುಕೊಂಡಿತ್ತು. ನನ್ನನ್ನು ಕೂರಿಸಿದ ಹುಡುಗಿ ಬಾಚಣಿಗೆ ಹಿಡಿದ ರೀತಿಯಲ್ಲೇ ಅವಳಿಗೆ ಗೊತ್ತಿಲ್ಲವೆಂಬುದು ನನಗೆ ಗೊತ್ತಾಯಿತು. ನೆತ್ತಿಯಿಂದ ಶುರು ಮಾಡಿದಳು, ಒಣ ಕೂದಲಿಗೆ. ಆದರೆ ತನಗೆ ಬಾರದು ಎಂದು ಆ ಮಾಲ್ಟನ್ನಿನ ಆಂಟಿಯ ಹಾಗೆ ಅವಳು ಹೇಳಲಿಲ್ಲ. ನೇರ ಮಾಡುವ ಬಿಳಿ ಮುಲಾಮು ಹಚ್ಚಿದಳು. ಉರಿಯುತ್ತಿದೆ ಎಂದೆ. ಸ್ವಲ್ಪ ಉರಿಯಬೇಕು ಎಂದಳು. ತುಂಬಾ ಉರಿಯುತ್ತಿದೆ ಎಂದೆ. ಇನ್ನೂ ಸ್ವಲ್ಪ ಹೊತ್ತು ಎಂದು ಕೌಂಟರಿನ ಕಡೆ ಹೋದಳು.

ಕೂದಲೇನೋ ನೇರವಾಯಿತು. ರೇಷ್ಮೆಯ ಹಾಗೆ ಹೆಗಲ ಮೇಲೆ ಬಿತ್ತು. ಮಾಲ್ಟನ್ನಿನ ಕಿರಾಣಿ ಅಂಗಡಿಯವಳು ಅದೇ ಮೊದಲ ಸಲ ನನ್ನೊಡನೆ ನೇರ ಹಿಂದಿಯಲ್ಲಿ ಮಾತಾಡಿದಳು, ಮೆಂತ್ಯ ಸೊಪ್ಪು ತಾಜಾ ಬಂದಿದೆ ಎಂದಳು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮೂರ್ನಾಲ್ಕು ದಿನಕ್ಕೆ ತಲೆಯಲ್ಲೆಲ್ಲ ಗುಳ್ಳೆ ಎದ್ದು ಒಡೆದವು. ಆಮೇಲೆ ಬಾಚಿದಾಗಲೆಲ್ಲ ಕೂದಲು ಹಿಡಿ ಹಿಡಿಯಾಗಿ ಕೈಗೆ ಬಂತು. ಆ ಬೇಸಿಗೆಯೆಲ್ಲ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಓಡಾಡಿದೆ. ಪೋರ್ಟ್ ಕ್ರೆಡಿಟ್ಟಿನ ಕೆರೆ ದಂಡೆಯಲ್ಲಿ ಜನ ಅರ್ಧಂಬರ್ಧ ಬಟ್ಟೆಯಲ್ಲಿ ಐಸ್‌ಕ್ರೀಮು ತಿನ್ನುತ್ತಿದ್ದರೆ ನಾನು ಟೊಪ್ಪಿಗೆಯೊಳಗೆ ಬೆವರುತ್ತಾ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಕೆರೆ ಎಂದೆ. ಅದು ಸಮುದ್ರದಷ್ಟಿದೆ, ಆದರೂ ಇಲ್ಲಿಯವರು ಕೆರೆ ಎನ್ನುತ್ತಾರೆ, ನನಗೂ ಹಾಗೇ ರೂಢಿ.

ಅಕ್ಕ ವಿಡಿಯೋ ಕಾಲ್ ಮಾಡಿದಾಗ, "ಟೊಪ್ಪಿಗಿ ಯಾಕ?" ಎಂದು ಕೊಂಕಣಿಯಲ್ಲಿ ಕೇಳಿದಳು.

"ಥಂಡಿ ಐತಿ."

"ಜುಲೈದಾಗ?"

ಟೊಪ್ಪಿಗೆಯನ್ನು ಇನ್ನೂ ಕೆಳಗೆ ಎಳೆದುಕೊಂಡೆ. ಅದನ್ನು ತೆಗೆ ಎಂದಳು ಅಕ್ಕ. ತೆಗೆದೆ. ಅವಳು ಕನ್ನಡ ಆಡಲಿಲ್ಲ, ಬಯ್ಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಊಟ ಆಯಿತೇ ಎಂದು ಕೇಳಿದಳು. ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದ ಯಾವ ಸಲೂನಿನ ಬಾಗಿಲನ್ನೂ ತುಳಿಯಲಿಲ್ಲ. ಹಾಳಾದದ್ದನ್ನೆಲ್ಲ ಕತ್ತರಿಸಿ ಹಾಕಿ, ಹೊಸದಾಗಿ ಬೆಳೆಸಿ, ವರ್ಷಗಟ್ಟಲೆ ನಾನೇ ನೋಡಿಕೊಂಡೆ. ನನ್ನ ತಲೆಗೆ ನಾನೇ ಯಜಮಾನಿ ಎಂದು ಸ್ವಲ್ಪ ಜಂಬವೂ ಇತ್ತು. ಆ ಜಂಬಕ್ಕೆ ಭುಜ ಕೈಕೊಟ್ಟಿತು.

ಎಡಗೈಯೊಂದರಿಂದ ಕೆಲವು ವಾರ ಹೋರಾಡಿದೆ. ಮುಂದಿನ ಭಾಗ ಹೇಗೋ ಆಗುತ್ತಿತ್ತು, ಹಿಂದೆ ಕೈ ಹೋಗುತ್ತಿರಲಿಲ್ಲ. ಹಿಂದಲೆಯಲ್ಲಿ ಕೂದಲು ಒಂದೇ ಮುದ್ದೆಯಾಗುತ್ತಿರುವುದು ದಿಂಬಿಗೆ ತಲೆ ಇಟ್ಟಾಗ ಗೊತ್ತಾಗುತ್ತಿತ್ತು. ಅಕ್ಕನಿಗೆ ಹೇಳಿದಾಗ, "ನಾ ಅಲ್ಲಿ ಇದ್ದಿದ್ರ," ಎಂದಷ್ಟೇ ಹೇಳಿ ನಿಲ್ಲಿಸಿದಳು. ಬೋಳಿಸಿಬಿಡೋಣ ಎಂದುಕೊಂಡೆ. ಮೆಷಿನ್ನೂ ತಂದೆ. ಬಚ್ಚಲ ಕನ್ನಡಿಯೆದುರು ಅದನ್ನು ಚಾಲೂ ಮಾಡಿ, ಅದು ಗುಂಯ್‌ಗುಡುವುದನ್ನು ಕೇಳುತ್ತಾ ನಿಂತು, ಆರಿಸಿಟ್ಟೆ. ಚಂದಕ್ಕೆ ಬಿಡಲಾಗದೆ ಅಲ್ಲ. ನನ್ನವರದು ಎಂದು ನನ್ನ ಹತ್ತಿರ ಇದ್ದದ್ದು ಅದೊಂದೇ. ಅದನ್ನೂ ಚರಂಡಿಗೆ ಬಿಟ್ಟು ಈ ಬೇಸ್‌ಮೆಂಟಿನಲ್ಲಿ ನಾನು ಯಾರೆಂದು ಕೂರಲಿ ಎನಿಸಿತು.

ಆಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುವ ಜಮೈಕಾದ ಹಿರಿಯಳೊಬ್ಬಳಿದ್ದಾಳೆ. ಊಟದ ಹೊತ್ತಿನಲ್ಲಿ ನನ್ನ ಟೊಪ್ಪಿಗೆಯನ್ನೇ ನೋಡುತ್ತಾ, ಅದರೊಳಗೆ ಏನನ್ನು ಬಚ್ಚಿಟ್ಟಿದ್ದೀಯ ಎಂದು ಕೇಳಿದಳು. ಭುಜದ ವಿಷಯ ಹೇಳಿದೆ. ಅವಳು ತನ್ನ ಜಡೆ ಹೆಣೆಯುವವಳ ನಂಬರು ಕೊಟ್ಟು, ತಾನೇ ಫೋನು ಮಾಡಿ ದಿನವನ್ನೂ ಗೊತ್ತುಮಾಡಿಬಿಟ್ಟಳು. ನಾನು ಹೂಂ ಅಂದಿರಲೇ ಇಲ್ಲ. ಹಿಂದಿನ ದಿನ ಜಡೆಯವಳಿಂದ ಸಂದೇಶ ಬಂತು: ಕೂದಲು ತೊಳೆದು, ಒಣಗಿಸಿ, ಏನೂ ಹಚ್ಚದೆ ಬಾ.

ಎಡಗೈಯಲ್ಲಿ ತೊಳೆದೆ, ಒಣಗಿಸಿದೆ. ಆಮೇಲೆ ಔಡಲೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ, ಬೆಚ್ಚಗೆ ಮಾಡಿ, ತಲೆ ತುಂಬ ಸುರಿದುಕೊಂಡೆ. ಏನೂ ಹಚ್ಚಬೇಡ ಎಂದರೆ ಅಂಗಡಿಯ ಕ್ರೀಮು, ಜೆಲ್ಲು, ಹಾಳುಮೂಳು ಹಚ್ಚಬೇಡ ಎಂದು ನಾನು ತಿಳಿದೆ. ಎಣ್ಣೆ ಅದರಲ್ಲಿ ಹೇಗೆ ಬರುತ್ತದೆ? ನಮ್ಮ ಮನೆಯಲ್ಲಿ ಒಣ ತಲೆಯನ್ನು ಇನ್ನೊಬ್ಬರ ಮಡಿಲಿಗೆ ಕೊಡುವುದೆಂದರೆ ನೆಂಟರಿಗೆ ಖಾಲಿ ತಟ್ಟೆ ಇಟ್ಟ ಹಾಗೆ. ಎಣ್ಣೆಯಿಲ್ಲದೆ ಹೋಗಿ ಕೂತರೆ ಅಕ್ಕ ತಲೆಯ ಮೇಲೊಂದು ಮೊಟಕುತ್ತಿದ್ದಳು. ಬಾಚುವವರ ಬೆರಳಿಗೆ ನೋವಾಗಬಾರದೆಂದೇ ಆ ಎಣ್ಣೆ; ಗುರುತಿಲ್ಲದ ಹೆಂಗಸಿನ ಬೆರಳಿಗೆ ನಾನು ಕೊಡಬಹುದಾದ ಮರ್ಯಾದೆ ಅದೊಂದೇ ಆಗಿತ್ತು.

ಅಂಗಡಿ ಮಾಲ್ಟನ್ನಿನಲ್ಲೇ ಇತ್ತು, ನಾನು ದಿನಾ ಬಸ್ಸಿಳಿಯುವ ಪ್ಲಾಜಾದ ಹಿಂಬದಿಯಲ್ಲಿ. ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ. ಮೂರು ಕುರ್ಚಿ, ಗೋಡೆಗೊಂದು ಟೀವಿ. ಜಡೆಯವಳು ಘಾನಾದವಳು, ನನಗಿಂತ ಸ್ವಲ್ಪ ದೊಡ್ಡವಳು, ಅಗಲ ಭುಜ. ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ಆದರೆ ಯಾಕೋ ನನಗೆ ಅದೆಲ್ಲ ಕನ್ನಡದಲ್ಲೇ ನೆನಪಾಗುತ್ತದೆ.

ಟೊಪ್ಪಿಗೆ ತೆಗೆದೆ. ಅವಳು ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದಳು. ಅದು ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಏನೂ ಹಚ್ಚದೆ ಬಾ ಎಂದಿದ್ದೆ."

"ಏನೂ ಹಚ್ಚಿಲ್ಲ. ಎಣ್ಣೆ ಅಷ್ಟೇ."

ಪಕ್ಕದ ಕುರ್ಚಿಯ ಹುಡುಗಿ ಫಕ್ಕನೆ ನಕ್ಕಳು. ನನಗೆ ಕಿವಿಯವರೆಗೆ ಬಿಸಿ ಹತ್ತಿತು. ಇಲ್ಲಿಯೂ ಆಗದು ಎನ್ನುತ್ತಾರೆ, ಆ ಮಾತನ್ನು ಇನ್ನೊಂದು ಸಲ ಕೇಳುವ ತಾಕತ್ತು ನನಗಿರಲಿಲ್ಲ. ಎದ್ದೆ. ಎಡಗೈಯಲ್ಲಿ ಬ್ಯಾಗು ಎತ್ತಿಕೊಂಡೆ. ಕೋಟಿನ ತೋಳಿಗೆ ಬಲಗೈ ತೂರಿಸಲು ಹೋದರೆ ಅದು ಅರ್ಧದಲ್ಲೇ ಸಿಕ್ಕಿಕೊಂಡಿತು. ತೋಳು ಹೊರಗೂ ಬರದೆ ಒಳಗೂ ಹೋಗದೆ ಅಂಗಡಿಯ ನಡುವೆ ಒದ್ದಾಡುತ್ತಾ ನಿಂತೆ.

ಅವಳು ಬಂದು ಕೋಟನ್ನು ಬಿಡಿಸಿ ಗೂಟಕ್ಕೆ ಹಾಕಿದಳು. "ಕತ್ತಿಗೆಲ್ಲ ಎಣ್ಣೆ ಇಳಿಯುತ್ತಿದೆ, ಎಲ್ಲಿಗೆ ಹೊರಟೆ? ಒಳಗೆ ನಡಿ. ತೊಳೆಯೋಣ."

ಒಳಗಿನ ತೊಟ್ಟಿಗೆ ಕತ್ತು ಒರಗಿಸಿ ಮಲಗಿಸಿದಳು. ನೀರು ಬಿಸಿಯಾಗಿದೆಯೇ ಎಂದು ಮೊದಲು ತನ್ನ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿದಳು. ಆಮೇಲೆ ಹತ್ತು ಬೆರಳು ನನ್ನ ನೆತ್ತಿಯ ಮೇಲೆ ಬಂದವು. ಎಷ್ಟು ವರ್ಷದ ಮೇಲೆ ಇನ್ನೊಬ್ಬರ ಕೈ ನನ್ನ ತಲೆಯನ್ನು ಹಾಗೆ ಹಿಡಿದಿತ್ತೋ. ಆಶ್ರಮದಲ್ಲಿ ದಿನಕ್ಕೆ ಎಷ್ಟೋ ತಲೆಗಳನ್ನು ನಾನು ತೊಳೆಯುತ್ತಿದ್ದೆ, ಮುದುಕಿಯರು ಸಿಂಕಿನಲ್ಲಿ ಕಣ್ಣು ಮುಚ್ಚಿ ಅಳುವುದನ್ನು ನೋಡುತ್ತಿದ್ದೆ, ಕಣ್ಣಿಗೆ ಸೋಪು ಹೋಯಿತೇನೋ ಎಂದುಕೊಳ್ಳುತ್ತಿದ್ದೆ. ನನಗೂ ಅಳು ಬಂತು. ಒರೆಸಿಕೊಳ್ಳಲು ಬಲಗೈ ಏಳಲಿಲ್ಲ, ಎಡಗೈಯಲ್ಲಿ ಬ್ಯಾಗಿತ್ತು. ಅವಳು ನೋಡಿದಳೋ ಇಲ್ಲವೋ ಗೊತ್ತಿಲ್ಲ. ಮೂರು ಸಲ ಸೋಪು ಹಾಕುವಷ್ಟು ಎಣ್ಣೆ ಸುರಿದಿದ್ದೀಯಲ್ಲ ಎಂದು ಮಾತ್ರ ಗೊಣಗಿದಳು.

ಮತ್ತೆ ಕುರ್ಚಿಯಲ್ಲಿ ಕೂರಿಸಿ, ಹಿಂದಲೆಯ ಮುದ್ದೆಯನ್ನು ತುದಿಯಿಂದ ಬಿಡಿಸುತ್ತಾ, ಎಲ್ಲಿಯವಳು ಎಂದು ಕೇಳಿದಳು.

"ಇಂಡಿಯಾ."

"ತಾಯಿ ಇಂಡಿಯಾದವಳೋ, ತಂದೆಯೋ?"

"ಇಬ್ಬರೂ. ಅವರ ತಂದೆತಾಯಿಯೂ."

ಕೈ ನಿಂತಿತು. ಹಡಗು, ಗೋವೆ, ಘಟ್ಟ, ಎಲ್ಲ ಹೇಳಿದೆ. ಆಫ್ರಿಕಾದಲ್ಲಿ ಯಾವ ಕಡೆಯಿಂದ ಎಂದಳು. ಗೊತ್ತಿಲ್ಲ ಎಂದೆ. ಅವ್ವನಿಗೂ ಗೊತ್ತಿರಲಿಲ್ಲ. ಪಕ್ಕದ ಹುಡುಗಿ ಕನ್ನಡಿಯಲ್ಲಿ ನನ್ನ ಮುಖ ನೋಡಿ ಮತ್ತೆ ಫೋನಿಗೆ ಇಳಿದಳು. ಕಳೆದುಹೋದ ತಂಗಿ ಸಿಕ್ಕಳು ಎಂದು ಯಾರಾದರೂ ಅಪ್ಪಿಕೊಂಡಾರೆಂದು ನಾನು ಒಳಗೊಳಗೇ ಕಾದಿದ್ದೆನೋ ಏನೋ. ಯಾರೂ ಅಪ್ಪಿಕೊಳ್ಳಲಿಲ್ಲ. ಜಡೆಯವಳು "ಹ್ಞೂಂ" ಎಂದು ಮತ್ತೆ ಸಿಕ್ಕು ಬಿಡಿಸತೊಡಗಿದಳು. ಆಮೇಲೆ ಅವರವರೇ ಮಾತಾಡಿಕೊಂಡರು. ಯಾವುದೋ ಚರ್ಚು, ಯಾವುದೋ ಮದುವೆ, ಟೀವಿಯ ಧಾರಾವಾಹಿಯಲ್ಲಿ ಅತ್ತೆಯ ಕಿತಾಪತಿ. ಜೋಕಿಗೆ ಎಲ್ಲರೂ ನಕ್ಕಾಗ ನಾನೂ ಒಂದು ಗಳಿಗೆ ತಡವಾಗಿ ನಕ್ಕೆ. ಕನ್ನಡಿಯಲ್ಲಿ ನಾವೆಲ್ಲ ಒಂದೇ ಮನೆಯವರ ಹಾಗೆ ಕಾಣುತ್ತಿದ್ದೆವು, ಅದೇ ಇನ್ನೂ ಕಷ್ಟವಾಗಿತ್ತು.

ಆದರೂ ಮತ್ತೆ ಹೋದೆ. ಹೋಗದೆ ಗತಿಯಿರಲಿಲ್ಲ. ಜಡೆ ಸಡಿಲಾಗುವ ಹೊತ್ತಿಗೆ ಹೋಗಿ ಬಿಚ್ಚಿಸಿ ಹೊಸದಾಗಿ ಹಾಕಿಸಿಕೊಳ್ಳುತ್ತಿದ್ದೆ. ನಂಬಿಕೆ ಬಂತು ಎಂದು ಹೇಳಲಾರೆ. ಅವಳು ಯಾವ ಬಾಟಲಿ ಎತ್ತಿದರೂ, ಅದೇನು ತೋರಿಸು ಎಂದು ಇಸಿದುಕೊಂಡು ಮೂಸಿ ನೋಡುತ್ತಿದ್ದೆ. ಮೊದಮೊದಲು ಅವಳು ಮುಖ ಗಂಟಿಕ್ಕಿದಳು. ಆಮೇಲೆ ನಾನು ಕೇಳುವ ಮೊದಲೇ ಬಾಟಲಿಯನ್ನು ನನ್ನ ಮೂಗಿಗೆ ಹಿಡಿದು, ಪೊಲೀಸಮ್ಮ, ಅಪ್ಪಣೆಯೇ ಎಂದು ಕೇಳುವುದು ಅಭ್ಯಾಸವಾಯಿತು. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಅವಳು ತನ್ನ ಭಾಷೆಯಲ್ಲಿ ಫೋನಿನಲ್ಲಿ ಮಕ್ಕಳನ್ನು ಗದರುತ್ತಿದ್ದಳು, ನಾನು ನನ್ನ ಭಾಷೆಯಲ್ಲಿ ಅಕ್ಕನಿಗೆ ಮೆಸೇಜು ಬರೆಯುತ್ತಿದ್ದೆ. ಯಾರದೋ ಕೈಗೆ ತಲೆ ಕೊಟ್ಟಿದ್ದೇನೆ ಎಂದು ಅಕ್ಕನಿಗೆ ಹೇಳಿರಲಿಲ್ಲ. ಎಡಗೈ ಪಳಗಿದೆ ಎಂದಿದ್ದೆ.

ಹೋದ ಚಳಿಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ. ಹೊರಗೆ ಹಿಮ ಕರಗಿ ಪ್ಲಾಜಾವೆಲ್ಲ ರಾಡಿ. ಅಂಗಡಿಯಲ್ಲಿ ನಾವಿಬ್ಬರೇ, ಟೀವಿಯೂ ಆಫಾಗಿತ್ತು. ಹಿಂದಲೆಯಲ್ಲಿ ಬೈತಲೆ ತೆಗೆಯುತ್ತಿದ್ದ ಬಾಚಣಿಗೆಯ ಮೊನೆ ನಿಂತಿತು. ಅವಳು ಬೆರಳನ್ನು ಒಂದೆಡೆ ಇಟ್ಟಳು. ಅಲ್ಲಿ ಬೆರಳು ನೇರ ಚರ್ಮಕ್ಕೇ ತಾಗಿತು. ತಣ್ಣಗಿತ್ತು.

"ಇಲ್ಲಿ ಕೂದಲಿಲ್ಲ, ಗೊತ್ತಾ?" ಎಂದಳು.

ಗೊತ್ತಿರಲಿಲ್ಲ. ಕಣ್ಣಿಗೆ ಕಾಣದ ಜಾಗ, ಬೆರಳಿಗೆ ತಾಗಿದಾಗಲೂ ಬೈತಲೆಯೆಂದೇ ತಿಳಿದಿದ್ದೆ. ನಾಣ್ಯದಷ್ಟು ಅಗಲ ಎಂದಳು. ಹಳೆಯ ಸುಟ್ಟ ಗಾಯದ ಹಾಗಿದೆ, ಯಾರಾದರೂ ಕೂದಲು ನೇರ ಮಾಡುವ ಮುಲಾಮು ಹಚ್ಚಿದ್ದರೇ ಎಂದಳು. ಹಚ್ಚಿದ್ದರು ಎಂದೆ. ಅಷ್ಟು ವರ್ಷದಿಂದ ಅದು ಅಲ್ಲಿತ್ತು. ಬಸ್ಸಿನಲ್ಲಿ ನನ್ನ ಹಿಂದೆ ಕೂತ ಯಾರೋ ನೋಡಿರಬಹುದು, ಲಿಫ್ಟಿನಲ್ಲಿ ಹಿಂದೆ ನಿಂತವರು ನೋಡಿರಬಹುದು. ನನಗೆ ಹೇಳುವವರು ಯಾರೂ ಇರಲಿಲ್ಲ.

"ನೀನು ಮೊದಲ ಸಲ ಬಂದಾಗಲೇ ಕಂಡಿತ್ತು," ಎಂದಳು. "ಅವತ್ತು ಹೇಳಿದ್ದರೆ ನೀನು ಕೋಟು ಬಿಟ್ಟು ಓಡಿಹೋಗುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಆಮೇಲೆ ಬಂದಾಗಲೆಲ್ಲ ನೋಡುತ್ತಿದ್ದೇನೆ. ಬೆರಳಿಟ್ಟು ಅಳೆದಿದ್ದೇನೆ, ದೊಡ್ಡದಾಗಿಲ್ಲ. ಸುತ್ತಲಿನ ಕೂದಲನ್ನು ಬಿಗಿಯಾಗಿ ಎಳೆಯುವುದಿಲ್ಲ, ಪಕ್ಕದ ಜಡೆಯನ್ನು ಅದರ ಮೇಲೆ ಮಲಗಿಸುತ್ತೇನೆ, ಯಾರಿಗೂ ಕಾಣುವುದಿಲ್ಲ. ದೊಡ್ಡದಾದರೆ ಡಾಕ್ಟರ ಹತ್ತಿರ ಹೋಗೆಂದು ಹೇಳುತ್ತಿದ್ದೆ."

ನಾನು ಅವಳ ಬಾಟಲಿಗಳನ್ನು ಮೂಸುತ್ತಾ ಕೂತಿದ್ದ ಅಷ್ಟೂ ದಿನ ಅವಳು ಹಿಂದೆ ನಿಂತು ಈ ಕೆಲಸ ಮಾಡುತ್ತಿದ್ದಳು.

"ಮನೆಯಲ್ಲಿ ಯಾರೂ ನೋಡಲಿಲ್ಲವೇ?" ಎಂದಳು.

"ಮನೆಯಲ್ಲಿ ಯಾರೂ ಇಲ್ಲ," ಎಂದೆ. ಈ ದೇಶಕ್ಕೆ ಬಂದ ಮೇಲೆ ಆ ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಅಂಗಡಿ ಮೊದಲಿನ ಹಾಗೇ ಇತ್ತು.

ಅವಳು ಫೋನು ಕೈಗೆತ್ತಿಕೊಂಡು, ಫೋಟೋ ತೆಗೆದು ತೋರಿಸಲೇ ಎಂದಳು. ಕನ್ನಡಿಯಲ್ಲಿ ನೋಡಿದೆ. ಅವಳು ಫೋನು ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಬೇಡ," ಎಂದೆ. "ನೀನು ನೋಡುತ್ತಿದ್ದೀಯಲ್ಲ."

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಎರಡು ಬೆರಳಿನಿಂದ ನನ್ನ ತಲೆಯನ್ನು ಮುಂದಕ್ಕೆ ಬಗ್ಗಿಸಿ, ಮುಂದಿನ ಎಳೆ ಹಿಡಿದಳು.